356 ಮೈಲಿ ಓಡಿದ ಕಾರು: ನಿಜಾಮನ ಬದುಕಿನಿಂದ ನಮಗೊಂದು ಲೆಕ್ಕ

2025ರ ಜುಲೈನಲ್ಲಿ ಬೆಂಗಳೂರಿನ ಆರ್‌ಟಿಒ ಅಧಿಕಾರಿಗಳು ಮಹಾರಾಷ್ಟ್ರದ ನಂಬರ್ ಪ್ಲೇಟ್ ಇದ್ದ ಕೆಂಪು ಫೆರಾರಿಯೊಂದನ್ನು ಹಿಡಿದರು. ಕರ್ನಾಟಕದಲ್ಲಿ ಕಟ್ಟಬೇಕಿದ್ದ ತೆರಿಗೆ, ದಂಡ ಎಲ್ಲ ಸೇರಿ ಮಾಲೀಕರು ಒಂದೇ ದಿನ ಸುಮಾರು 1.41 ಕೋಟಿ ರೂಪಾಯಿ ಕಟ್ಟಬೇಕಾಯಿತು. ಅದೇ ವರ್ಷ ಫೆಬ್ರುವರಿಯಲ್ಲಿ ಇದೇ ಕಾರಣಕ್ಕೆ 30 ದುಬಾರಿ ಕಾರುಗಳನ್ನು ಸಾರಿಗೆ ಇಲಾಖೆ ವಶಪಡಿಸಿಕೊಂಡಿತ್ತು. ಸುದ್ದಿ ಓದಿದ ಮಂದಿ ನಕ್ಕರು, ಶೇರ್ ಮಾಡಿದರು, ಮರೆತರು.

ರಾಯಚೂರು ತಾಲೂಕಿನ ಗಿಲ್ಲೆಸುಗೂರಿಗೂ ಫೆರಾರಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರು ನಮ್ಮದು. ಸೋನಾ ಮಸೂರಿಗೆ ಒಳ್ಳೆ ರೇಟು ಸಿಕ್ಕ ವರ್ಷ ಈ ಭಾಗದ ಕ್ಯಾಂಪುಗಳಲ್ಲಿ, ರೈಸ್ ಮಿಲ್ಲುಗಳ ಅಂಗಳದಲ್ಲಿ ದೊಡ್ಡ ದೊಡ್ಡ ಕಾರುಗಳು ಬಂದು ನಿಲ್ಲುತ್ತವೆ. ಹೆಚ್ಚಿನವು ಹೊಸವಲ್ಲ. ಹೈದರಾಬಾದ್ ನಮಗೆ ಬೆಂಗಳೂರಿಗಿಂತ ಅರ್ಧದಷ್ಟು ದೂರ. ಅಲ್ಲಿಯ ಶ್ರೀಮಂತರು ಮೂರು ನಾಲ್ಕು ವರ್ಷ ಓಡಿಸಿ ಬಿಟ್ಟ ಜರ್ಮನ್ ಕಾರುಗಳು ಇಲ್ಲಿಗೆ ಬರುತ್ತವೆ. ನನ್ನ ಅಕ್ಕನ ಮಗನಿಗೆ ಈಗ ಎರಡು ಬಾಗಿಲಿನ ಪೋರ್ಷೆ ಮೇಲೆ ಕಣ್ಣು ಬಿದ್ದಿದೆ. ಹತ್ತು ವರ್ಷದ ಹಳೇ ಗಾಡಿ, ಹೊಸದರ ಮೂರನೇ ಒಂದು ಭಾಗಕ್ಕೆ ಸಿಗುತ್ತದಂತೆ. ತಗೋಬೇಕಾ ಬ್ಯಾಡಾ ಅನ್ನೋದಕ್ಕಿಂತ ಯಾವಾಗ ತಗೋಬೇಕು ಅನ್ನೋದೇ ಅವನ ಪ್ರಶ್ನೆ. ಅಕ್ಕನಿಗೆ ಮಾತ್ರ ಅಷ್ಟು ರೊಕ್ಕದಲ್ಲಿ ಎಷ್ಟು ಎಕರೆ ಬರ್ತಿತ್ತು ಅನ್ನೋದೇ ಚಿಂತೆ. ಮನೆಯಲ್ಲಿ ಎರಡು ತಿಂಗಳಿಂದ ಇದೇ ಜಗಳ.

ಈ ಜಗಳಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ಯಾವ ಕಾರ್ ಪರಿಣಿತನೂ ಅಲ್ಲ. ನಮ್ಮ ಅಜ್ಜಂದಿರು ಯಾರಿಗೆ ಕಂದಾಯ ಕಟ್ಟುತ್ತಿದ್ದರೋ ಆ ಮನುಷ್ಯ. ಹೈದರಾಬಾದಿನ ಏಳನೆಯ ಮತ್ತು ಕೊನೆಯ ನಿಜಾಮ, ಮೀರ್ ಉಸ್ಮಾನ್ ಅಲಿ ಖಾನ್. ಜಗತ್ತಿನ ಅತಿ ಶ್ರೀಮಂತ ಅನ್ನಿಸಿಕೊಂಡವನು. ಕಾರುಗಳು ಲೆಕ್ಕವಿಲ್ಲದಷ್ಟು ಇದ್ದವನು. ಹಳೇ ಡಬ್ಬಾ ಗಾಡಿಯಲ್ಲಿ ಓಡಾಡಿದವನು. ಈ ಮೂರೂ ಒಬ್ಬನೇ ಆಗಿದ್ದು ಹೇಗೆ ಅಂತ ನೋಡಿದರೆ ನಮ್ಮ ಲೆಕ್ಕಕ್ಕೂ ಒಂದು ದಾರಿ ಸಿಗುತ್ತದೆ.

ಅಪ್ಪ ಆರ್ಡರ್ ಮಾಡಿದ್ದು, ಮಗನ ಪಾಲಿಗೆ ಬಂದದ್ದು

ಉಸ್ಮಾನ್ ಅಲಿ ಹುಟ್ಟಿದ್ದು 1886ರ ಏಪ್ರಿಲ್ 6ರಂದು. ಅಪ್ಪ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್. ಅಪ್ಪನಿಗೆ ಕೈ ಬಿಗಿ ಅನ್ನೋದೇ ಗೊತ್ತಿರಲಿಲ್ಲ. ಬಟ್ಟೆ, ಬೇಟೆ, ವಜ್ರ, ವಾಹನ ಎಲ್ಲದರಲ್ಲೂ ದೊಡ್ಡ ಕೈ.

ಆ ಕೈ ಹೇಗಿತ್ತು ಅನ್ನೋದಕ್ಕೆ ಜೇಕಬ್ ವಜ್ರದ ಕಥೆ ಸಾಕು. 1891ರಲ್ಲಿ ಸಿಮ್ಲಾದ ರತ್ನ ವ್ಯಾಪಾರಿ ಅಲೆಕ್ಸಾಂಡರ್ ಜೇಕಬ್ ಒಂದು ಭಾರಿ ವಜ್ರವನ್ನು ಮೆಹಬೂಬ್ ಅಲಿಗೆ ಮಾರಲು ಬಂದ. ತೂಕ ಸುಮಾರು 184 ಕ್ಯಾರೆಟ್. ಮುಂಗಡ ಲಕ್ಷಗಟ್ಟಲೆ ಹೋಯಿತು. ಆಮೇಲೆ ಖರೀದಿಗೆ ಅಡ್ಡಿ ಬಂತು, ಬೇಡ ಅಂತಾಯಿತು, ಮುಂಗಡ ವಾಪಸ್ ಕೇಳಿದರು, ಜಗಳ ಕಲ್ಕತ್ತೆಯ ಹೈಕೋರ್ಟಿನವರೆಗೆ ಹೋಯಿತು. ಕೊನೆಗೆ ವಜ್ರ ನಿಜಾಮನ ಕೈಗೇ ಬಂತು. ಆದರೆ ಅಷ್ಟೊತ್ತಿಗೆ ಅದರ ಮೇಲಿನ ಆಸೆ ಸತ್ತಿತ್ತು. ಅಪಶಕುನದ ಕಲ್ಲು ಅಂತ ಮೂಲೆಗೆ ಬಿತ್ತು. ಅಪ್ಪ ಸತ್ತ ಮೇಲೆ ಆ ವಜ್ರ ಅವನ ಹಳೇ ಜೋಡಿನ ತುದಿಯಲ್ಲಿ ತುರುಕಿದ್ದು ಮಗನಿಗೆ ಸಿಕ್ಕಿತು ಅನ್ನುತ್ತಾರೆ. ಮಗ ಅದನ್ನು ಕಾಗದ ಹಾರದ ಹಾಗೆ ಮೇಜಿನ ಮೇಲೆ ಇಟ್ಟುಕೊಂಡ.

ಕಾರಿನದೂ ಹೆಚ್ಚುಕಮ್ಮಿ ಇದೇ ಕಥೆ. 1911ರಲ್ಲಿ ಮೆಹಬೂಬ್ ಅಲಿ ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪನಿಯಿಂದ ಸಿಲ್ವರ್ ಘೋಸ್ಟ್ ಕಾರೊಂದನ್ನು ಆರ್ಡರ್ ಮಾಡಿದ. ಅದಕ್ಕೆ ಬಾಡಿ ಕಟ್ಟಿದ್ದು ಲಂಡನ್ನಿನ ಬಾರ್ಕರ್ ಕಂಪನಿ. ಹಳದಿ ಬಣ್ಣ, ಹಿಂದೆ ಸಿಂಹಾಸನದ ಹಾಗೆ ಎತ್ತರದ ಆಸನ. ಅದಕ್ಕೇ ಅದಕ್ಕೆ ಸಿಂಹಾಸನದ ಕಾರು ಅಂತ ಹೆಸರು ಬಂತು. ಆ ವರ್ಷ ಆಗಸ್ಟ್ 29ರಂದು ಮೆಹಬೂಬ್ ಅಲಿ ತೀರಿಕೊಂಡ. ಕಾರು ಬರುವ ಮೊದಲೇ ಕಾರಿನ ಮಾಲೀಕ ಹೋಗಿದ್ದ. 25 ವರ್ಷದ ಉಸ್ಮಾನ್ ಅಲಿ ಗದ್ದುಗೆ ಏರಿದ, ಕಾರು ಅವನ ಪಾಲಿಗೆ ಬಂತು.

ಮುಂದಿನ ಮೂರು ದಶಕಕ್ಕೂ ಹೆಚ್ಚು ಕಾಲ ಆ ಕಾರು ಓಡಿದ್ದು ಬರೀ 356 ಮೈಲಿ ಅನ್ನುತ್ತಾರೆ. ನಮ್ಮೂರಿಂದ ಹೈದರಾಬಾದಿಗೆ ಒಂದು ಸಲ ಹೋಗಿ ಬಂದು, ಮತ್ತೆ ಅರ್ಧ ದಾರಿ ಹೋದರೆ ಮುಗಿಯುವಷ್ಟು ದೂರ. ಮೆರವಣಿಗೆಗೆ ಹೊರಗೆ ಬರುತ್ತಿತ್ತು, ಮತ್ತೆ ಒಳಗೆ ಹೋಗುತ್ತಿತ್ತು. ಇವತ್ತು ಅದು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನಿಂತಿದೆ, ಟಿಕೆಟ್ ತೆಗೆದು ಯಾರು ಬೇಕಾದರೂ ನೋಡಬಹುದು.

ಸೆಕೆಂಡ್ ಹ್ಯಾಂಡ್ ಕಾರು ಮಾರುವವರು ಮೊದಲು ಹೇಳುವ ಮಾತೇ ಗಾಡಿ ಭಾಳ ಕಮ್ಮಿ ಓಡಿದೆ ಅನ್ನೋದು. ಕಮ್ಮಿ ಓಡಿದ ಗಾಡಿ ಒಳ್ಳೆ ಗಾಡಿ ಅಂತ ನಾವೂ ನಂಬುತ್ತೇವೆ. ಸಾದಾ ಕಾರಿಗೆ ಅದು ಸ್ವಲ್ಪ ಮಟ್ಟಿಗೆ ನಿಜ. ದುಬಾರಿ ಸ್ಪೋರ್ಟ್ಸ್ ಕಾರಿಗೆ ಅದು ಅರ್ಧ ಸತ್ಯ. ನಿಂತ ಕಾರಿನಲ್ಲಿ ರಬ್ಬರ್ ಸೀಲು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ, ಟೈರು ಗಟ್ಟಿಯಾಗಿ ಬಿರುಕು ಬಿಡುತ್ತವೆ, ಟ್ಯಾಂಕಿನ ಪೆಟ್ರೋಲು ಕೆಡುತ್ತದೆ. ಬಾವಿಗೆ ಇಳಿಬಿಟ್ಟ ಮೋಟರ್ ಎರಡು ವರ್ಷ ಚಾಲೂ ಮಾಡದೆ ಬಿಟ್ಟರೆ ಏನಾಗುತ್ತದೆ ಅಂತ ಯಾವ ರೈತನಿಗೂ ಹೇಳಿಕೊಡಬೇಕಿಲ್ಲ. ಕಾರೂ ಅಷ್ಟೇ. ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ತಪ್ಪದೆ ಓಡಿ, ಪ್ರತಿ ಸರ್ವಿಸಿಗೂ ರಸೀದಿ ಇರುವ ಗಾಡಿ, ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ ಗಾಡಿಗಿಂತ ಎಷ್ಟೋ ವಾಸಿ.

ಕೊಳ್ಳದೆ ಬಂದ ಕಾರುಗಳು

ಅಪ್ಪನ ಕೈ ಎಷ್ಟು ದೊಡ್ಡದೋ ಮಗನ ಕೈ ಅಷ್ಟು ಬಿಗಿ. ಉಸ್ಮಾನ್ ಅಲಿಯ ಜಿಪುಣತನದ ಕಥೆಗಳು ಹೈದರಾಬಾದ್ ಸಂಸ್ಥಾನದ ಎಲ್ಲಾ ಜಿಲ್ಲೆಗಳಲ್ಲೂ ಹರಿದಾಡಿದವು. ನಮ್ಮ ಕಡೆ ಹಿರಿಯರು ಇಂದಿಗೂ ಹೇಳುತ್ತಾರೆ. ಸವೆದ ಶೇರ್ವಾನಿ, ಮಾಸಿದ ಟೋಪಿ, ಕಮ್ಮಿ ಬೆಲೆಯ ಚಾರ್‌ಮಿನಾರ್ ಸಿಗರೇಟು. 1937ರ ಫೆಬ್ರುವರಿಯಲ್ಲಿ ಅಮೆರಿಕದ ಟೈಮ್ ಪತ್ರಿಕೆ ತನ್ನ ಮುಖಪುಟದಲ್ಲಿ ಅವನ ಚಿತ್ರ ಹಾಕಿ ಜಗತ್ತಿನ ಅತಿ ಶ್ರೀಮಂತ ಅಂತ ಕರೆದಾಗಲೂ ಅವನ ಉಡುಪು ಬದಲಾಗಲಿಲ್ಲ. ಅವನು ವಾಸವಿದ್ದದ್ದು ಕಿಂಗ್ ಕೋಠಿಯಲ್ಲಿ. ಅದರ ಅಂಗಳದಲ್ಲಿ ಚಿನ್ನದ ಗಟ್ಟಿ ತುಂಬಿದ ಲಾರಿಗಳು ಭಾರಕ್ಕೆ ಮಣ್ಣಿನಲ್ಲಿ ಹೂತು ನಿಂತಿದ್ದವು ಅನ್ನುವ ಕಥೆಯೂ ಇದೆ. ಕಥೆಗೆ ಕಾಲು ಎಷ್ಟು ಬಾಲ ಎಷ್ಟು ಅನ್ನೋದು ಬೇರೆ ಮಾತು. ಲಾರಿಯನ್ನು ಓಡಿಸದೆ ತಿಜೋರಿ ಮಾಡಿಕೊಂಡ ಅನ್ನೋ ಕಥೆ ಅವನ ಮೇಲೆಯೇ ಹುಟ್ಟಿತು ಅನ್ನೋದು ಗಮನಿಸಬೇಕಾದ್ದು.

ಕಾರಿನ ವಿಷಯಕ್ಕೆ ಬಂದರೆ, ತಾನು ಓಡಾಡಲು ಅವನು ಹಳೇ ಫೋರ್ಡ್ ಗಾಡಿಯನ್ನೇ ನೆಚ್ಚಿಕೊಂಡಿದ್ದ ಅನ್ನುತ್ತಾರೆ. ಆದರೆ ಗ್ಯಾರೇಜು ತುಂಬಿತ್ತು. ಹೇಗೆ? ಇಲ್ಲಿ ಒಂದು ಪದ್ಧತಿ ತಿಳಿಯಬೇಕು, ನಜರ್. ದರ್ಬಾರಿಗೆ ಹೋದವರು ನಿಜಾಮನಿಗೆ ಚಿನ್ನದ ನಾಣ್ಯ ಒಪ್ಪಿಸಬೇಕಿತ್ತು. ಬೇರೆ ಸಂಸ್ಥಾನಗಳಲ್ಲಿ ರಾಜ ಅದನ್ನು ಮುಟ್ಟಿ ವಾಪಸ್ ಕೊಡುವುದು ರೂಢಿ. ಉಸ್ಮಾನ್ ಅಲಿ ಇಟ್ಟುಕೊಳ್ಳುತ್ತಿದ್ದ. ಕಾರಿಗೂ ಇದೇ ನಿಯಮ ಹಚ್ಚಿದ ಅಂತ ಆ ಕಾಲದವರು ಹೇಳಿಕೊಂಡು ಬಂದಿದ್ದಾರೆ. ಪಟ್ಟಣದಲ್ಲಿ ಯಾವ ಜಹಗೀರದಾರನ ಒಳ್ಳೆ ಕಾರು ಕಣ್ಣಿಗೆ ಬಿದ್ದರೂ, ಅದನ್ನು ಕಾಣಿಕೆಯಾಗಿ ಸ್ವೀಕರಿಸಲು ದೊರೆಗೆ ಸಂತೋಷ ಅಂತ ಮನೆಗೆ ಹೇಳಿ ಕಳಿಸುತ್ತಿದ್ದನಂತೆ. ಹೇಳಿ ಕಳಿಸಿದ ಮೇಲೆ ಇಲ್ಲ ಅನ್ನುವ ಧೈರ್ಯ ಯಾರಿಗಿತ್ತು? ಹೀಗೆ ಯಾರೋ ಕೊಂಡ, ಯಾರೋ ಓಡಿಸಿದ ಕಾರುಗಳು ಬಂದು ಸೇರಿದವು, ನಿಂತವು, ಧೂಳು ಹಿಡಿದವು.

ಸೆಕೆಂಡ್ ಹ್ಯಾಂಡ್ ಕಾರನ್ನು ಇದಕ್ಕಿಂತ ಅಗ್ಗವಾಗಿ ಯಾರೂ ಕೊಂಡಿಲ್ಲ, ಕೊಳ್ಳಲಾರರು. ಬೆಲೆ ಸೊನ್ನೆ. ಆದರೂ ಈ ಸೊನ್ನೆ ಬೆಲೆಯ ಕಾರುಗಳು ಆ ಮನೆತನಕ್ಕೆ ಏನು ಖರ್ಚು ತಂದವು ಅನ್ನೋದನ್ನು ಮುಂದೆ ಹೇಳುತ್ತೇನೆ. ಈಗ ಅವನು ನಿಜವಾಗಿ ರೊಕ್ಕ ಕೊಟ್ಟು ಕೊಂಡದ್ದು ಏನು ಅಂತ ನೋಡೋಣ.

ಹಳೇ ರೈಲು, ಹೊಸ ಬಸ್ಸು

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಕೊಚ್ಚಿಕೊಂಡು ಹೋಯಿತು. ಸಾವಿರಾರು ಮಂದಿ ಸತ್ತರು. ಮುಂದೆ ಹೀಗಾಗಬಾರದು ಅಂತ ಯೋಜನೆ ಹಾಕಿಕೊಡಲು ಬಂದವರು ನಮ್ಮ ಎಂ. ವಿಶ್ವೇಶ್ವರಯ್ಯನವರು. ಉಸ್ಮಾನ್ ಅಲಿಯ ಕಾಲದಲ್ಲಿ ಆ ಯೋಜನೆಗೆ ರೊಕ್ಕ ಸುರಿಯಿತು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು.

1930ರಲ್ಲಿ ಸಂಸ್ಥಾನ ಸರ್ಕಾರ ಇಂಗ್ಲಿಷ್ ಕಂಪನಿಯ ಕೈಲಿದ್ದ ನಿಜಾಮರ ಗ್ಯಾರಂಟಿ ರೈಲ್ವೆಯನ್ನು ಕೊಂಡುಕೊಂಡಿತು. ನನ್ನ ಪ್ರಕಾರ ಉಸ್ಮಾನ್ ಅಲಿಯ ಕಾಲದ ಅತಿ ದೊಡ್ಡ ಸೆಕೆಂಡ್ ಹ್ಯಾಂಡ್ ಖರೀದಿ ಇದೇ. ಓಡುತ್ತಿದ್ದ ರೈಲು, ಹಾಸಿದ್ದ ಹಳಿ, ಬರುತ್ತಿದ್ದ ಆದಾಯ, ಪಳಗಿದ್ದ ಕೆಲಸಗಾರರು, ಎಲ್ಲಾ ಕಣ್ಣ ಮುಂದೆ ಇತ್ತು. ಎರಡು ವರ್ಷ ಬಿಟ್ಟು 1932ರಲ್ಲಿ ಅದೇ ರೈಲ್ವೆ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ವಿಭಾಗ ಶುರು ಮಾಡಿತು. ಇವತ್ತಿನ ಆಂಧ್ರ, ತೆಲಂಗಾಣ ಸಾರಿಗೆ ಸಂಸ್ಥೆಗಳ ಬೇರು ಅದು. ಮಂತ್ರಾಲಯ ರಸ್ತೆಯಲ್ಲಿ ನಮ್ಮೂರ ಮಂದಿ ಈಗಲೂ ಹತ್ತಿ ಇಳಿಯುವ ಆ ಕಡೆಯ ಬಸ್ಸುಗಳ ವಂಶ ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಗಮನಿಸಿ ನೋಡ್ರಿ. ಒಂದು ಕಡೆ ಮೂರು ದಶಕದಲ್ಲಿ 356 ಮೈಲಿ ಓಡಿದ ಒಂದು ರೋಲ್ಸ್ ರಾಯ್ಸ್. ಇನ್ನೊಂದು ಕಡೆ ದಿನಾ ಓಡಿ ದಿನಾ ರೊಕ್ಕ ತಂದ 27 ಬಸ್ಸು. ಎರಡೂ ಅದೇ ಖಜಾನೆಯ ನೆರಳಲ್ಲೇ ಇದ್ದವು. ಬಸ್ಸು ಬೆಳೆಯಿತು, ಕಾರು ಮ್ಯೂಸಿಯಮ್ಮಿಗೆ ಹೋಯಿತು.

ನಮ್ಮ ಮಟ್ಟಿಗೆ ಇನ್ನೂ ದೊಡ್ಡ ಖರೀದಿ ತುಂಗಭದ್ರೆಯದು. 1944ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳ ನಡುವೆ ಒಪ್ಪಂದವಾಯಿತು. 1945ರ ಫೆಬ್ರುವರಿ 28ರಂದು ಎಡದಂಡೆಯ ಕಡೆ ನಿಜಾಮನ ಹಿರಿಯ ಮಗ, ಬೇರಾರಿನ ರಾಜಕುಮಾರ ಆಜಂ ಜಾ ಅಡಿಗಲ್ಲು ಹಾಕಿದ. ಬಲದಂಡೆಯ ಕಡೆ ಮದ್ರಾಸಿನ ಗವರ್ನರ್ ಹಾಕಿದರು. ಅಣೆಕಟ್ಟಿನಿಂದ ನೀರು ಹರಿದದ್ದು 1953ರಲ್ಲಿ, ಅಷ್ಟೊತ್ತಿಗೆ ನಿಜಾಮನ ಆಳ್ವಿಕೆಯೇ ಇರಲಿಲ್ಲ. ಇವತ್ತು ಯಾವ ಭತ್ತದ ರೊಕ್ಕದಲ್ಲಿ ಪೋರ್ಷೆ ಕೊಳ್ಳುವ ಮಾತು ನಡೆದಿದೆಯೋ ಆ ಭತ್ತ ಬೆಳೆದದ್ದು ಆ ನೀರಿನಲ್ಲಿ.

ಆ ರೊಕ್ಕ ಯಾರದು?

ಹಂಗಂತ ನಿಜಾಮನನ್ನು ಮಿತವ್ಯಯದ ಗುರು ಮಾಡಿ ಪೂಜೆ ಮಾಡಲು ನಾನು ಹೊರಟಿಲ್ಲ. ನಮ್ಮ ಜಿಲ್ಲೆಯ ಯಾರೂ ಹಾಗೆ ಮಾಡಲಾರರು. ಸಂಸ್ಥಾನದ ನೆಲದಲ್ಲಿ ಸುಮಾರು ಹತ್ತನೇ ಒಂದು ಭಾಗ ಸರ್ಫ್-ಎ-ಖಾಸ್, ಅಂದರೆ ನಿಜಾಮನ ಸ್ವಂತ ಆಸ್ತಿ. ಅದರ ಕಂದಾಯ ನೇರ ಅವನ ಜೇಬಿಗೆ. ಉಳಿದದ್ದರಲ್ಲಿ ದೊಡ್ಡ ಪಾಲು ಜಹಗೀರದಾರರದು. ಅವರ ಕಾರನ್ನು ದೊರೆ ಕಿತ್ತುಕೊಂಡ ಅಂತ ನಗುವ ನಾವು, ಅವರು ಆ ಕಾರನ್ನು ಯಾರ ಬೆವರಿನಲ್ಲಿ ಕೊಂಡಿದ್ದರು ಅನ್ನೋದನ್ನು ಮರೆಯಬಾರದು.

ಶಾಲೆಯಲ್ಲಿ, ಕಚೇರಿಯಲ್ಲಿ ಉರ್ದು. ಕನ್ನಡ ಮನೆಯೊಳಗೆ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದ್ದು, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ನಡೆದದ್ದು, ಈ ಒತ್ತಡದ ನಡುವೆಯೇ. 1947ರಲ್ಲಿ ದೇಶ ಸ್ವತಂತ್ರವಾದಾಗ ಉಸ್ಮಾನ್ ಅಲಿ ಭಾರತಕ್ಕೆ ಸೇರಲಿಲ್ಲ. ಮುಂದಿನ 13 ತಿಂಗಳು ರಜಾಕಾರರ ಹಾವಳಿಯಲ್ಲಿ ಈ ಭಾಗದ ಊರುಗಳು ಬೆಂದವು. ಎಷ್ಟೋ ಕುಟುಂಬಗಳು ಹೊಳೆ ದಾಟಿ ಆಚೆ ಹೋಗಿ ಜೀವ ಉಳಿಸಿಕೊಂಡವು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಸೈನಿಕ ಕಾರ್ಯಾಚರಣೆ ಅವನ ಆಳ್ವಿಕೆಗೆ ತೆರೆ ಎಳೆಯಿತು. ಆ ದಿನವನ್ನೇ ನಾವು ಇವತ್ತು ಕಲ್ಯಾಣ ಕರ್ನಾಟಕ ಉತ್ಸವ ಅಂತ ಆಚರಿಸುತ್ತೇವೆ.

ಆ ಗಡಿಬಿಡಿಯಲ್ಲೂ ರೊಕ್ಕದ ಒಂದು ಕಥೆ ಇದೆ. ಸೆಪ್ಟೆಂಬರ್ 1948ರಲ್ಲಿ ಸುಮಾರು 10 ಲಕ್ಷ ಪೌಂಡ್ ಲಂಡನ್ನಿನ ಬ್ಯಾಂಕಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ವರ್ಗವಾಯಿತು. ನಿಜಾಮ ವಾಪಸ್ ಕೇಳಿದ, ಸಿಗಲಿಲ್ಲ. 71 ವರ್ಷ ಆ ರೊಕ್ಕ ಅಲ್ಲೇ ಬ್ಯಾಂಕಿನಲ್ಲಿ ಬಡ್ಡಿ ಬೆಳೆಸಿಕೊಂಡು ಕೂತಿತು. 2019ರ ಅಕ್ಟೋಬರ್ 2ರಂದು ಲಂಡನ್ ಹೈಕೋರ್ಟ್ ಭಾರತ ಮತ್ತು ನಿಜಾಮನ ವಾರಸುದಾರರ ಪರ ತೀರ್ಪು ಕೊಟ್ಟಾಗ ಅದು ಸುಮಾರು 3.5 ಕೋಟಿ ಪೌಂಡ್ ಆಗಿತ್ತು. ಅದೇ 71 ವರ್ಷ ಕಿಂಗ್ ಕೋಠಿಯ ಶೆಡ್ಡಿನಲ್ಲಿ ನಿಂತ ಕಾರುಗಳು ಏನಾದವು ಅಂತ ಹೋಲಿಸಿ ನೋಡಿ.

1950ರಿಂದ 1956ರವರೆಗೆ ಅವನು ಹೈದರಾಬಾದ್ ರಾಜ್ಯದ ರಾಜಪ್ರಮುಖನಾಗಿದ್ದ. 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅವನು ಕಿಂಗ್ ಕೋಠಿಯಲ್ಲೇ ಉಳಿದ. 1965ರ ಯುದ್ಧದ ಹೊತ್ತಿಗೆ ದೇಶಕ್ಕೆ 5 ಟನ್ ಚಿನ್ನ ದಾನ ಕೊಟ್ಟ ಅನ್ನುವ ಸುದ್ದಿ ವಾಟ್ಸಾಪಿನಲ್ಲಿ ವರ್ಷಕ್ಕೆರಡು ಸಲ ಬರುತ್ತದೆ. ದಾಖಲೆ ಹೇಳುವುದು ಬೇರೆ. ಅವನು 425 ಕಿಲೋ ಚಿನ್ನವನ್ನು ಸರ್ಕಾರದ ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡಿನಲ್ಲಿ ಇಟ್ಟ, ಬಡ್ಡಿ ಶೇಕಡ 6.5. ಅದು ದಾನವಲ್ಲ, ಹೂಡಿಕೆ. ಇದರಲ್ಲಿ ತಪ್ಪೇನಿಲ್ಲ. ಆ ಮನುಷ್ಯನ ಸ್ವಭಾವಕ್ಕೆ ದಾನದ ಕಥೆಗಿಂತ ಬಡ್ಡಿಯ ಕಥೆಯೇ ಚೆನ್ನಾಗಿ ಹೊಂದುತ್ತದೆ.

60 ಕಾರು, ಓಡುತ್ತಿದ್ದದ್ದು 4

1967ರ ಫೆಬ್ರುವರಿ 24ರಂದು ಉಸ್ಮಾನ್ ಅಲಿ ಖಾನ್ ತೀರಿಕೊಂಡ. ವಯಸ್ಸು 80. ದುಂದು ಖರ್ಚಿನ ಮಗನನ್ನು ಬಿಟ್ಟು ಮೊಮ್ಮಗ ಮುಕರ್ರಂ ಜಾನನ್ನು ವಾರಸುದಾರ ಮಾಡಿದ್ದ. ಆ ಹುಡುಗನ ಕೈಗೆ ಏನೇನು ಬಂತು ಅಂತ ಇತಿಹಾಸ ಬರೆದವರು ಪಟ್ಟಿ ಮಾಡಿದ್ದಾರೆ. ಸಂಬಳದವರು, ಆಶ್ರಿತರು ಸೇರಿ 14,718 ಮಂದಿ. ಜೊತೆಗೆ 60 ಕಾರಿನ ಗ್ಯಾರೇಜು. ಪೆಟ್ರೋಲು, ಬಿಡಿಭಾಗಕ್ಕೆ ವರ್ಷಕ್ಕೆ ಸುಮಾರು 45,000 ಪೌಂಡ್ ಖರ್ಚು ಬರೆಯುತ್ತಿದ್ದರು. ಆ 60ರಲ್ಲಿ ಓಡುವ ಸ್ಥಿತಿಯಲ್ಲಿ ಇದ್ದದ್ದು 4. ಹೊಸ ನಿಜಾಮನ ಪಟ್ಟಾಭಿಷೇಕ ಮುಗಿಸಿ ಅವನನ್ನು ಕರೆದುಕೊಂಡು ಹೋಗಬೇಕಿದ್ದ ದೊಡ್ಡ ಕಾರು ಆ ದಿನವೇ ಕೆಟ್ಟು ನಿಂತಿತಂತೆ.

56 ಕಾರು ಓಡುತ್ತಿರಲಿಲ್ಲ, ಆದರೂ ಖರ್ಚು ಓಡುತ್ತಿತ್ತು. ಹಾಗಾದರೆ ಆ ರೊಕ್ಕ ಯಾರ ಜೇಬಿಗೆ ಹೋಗುತ್ತಿತ್ತು ಅನ್ನೋದು ಬುದ್ಧಿ ಇದ್ದವರಿಗೆ ಗೊತ್ತಾಗುತ್ತದೆ. ಮಾಲೀಕ ನೋಡದ ಗಾಡಿ ಮಂದಿಗೆ ಹಾಲು ಕರೆಯುವ ಎಮ್ಮೆ ಇದ್ದ ಹಾಗೆ. ಬೆಲೆ ಸೊನ್ನೆಯ ಕಾರು ತಂದ ಖರ್ಚು ಅಂತ ನಾನು ಆಗಲೇ ಹೇಳಿದ್ದು ಇದನ್ನೇ.

ಇನ್ನೊಂದು ವಿಚಿತ್ರ ನೋಡಿ. ಈ ಮೊಮ್ಮಗನಿಗೆ ಯಂತ್ರಗಳ ಹುಚ್ಚು ನಿಜವಾಗಿಯೂ ಇತ್ತು. ಹೈದರಾಬಾದಿನ ಜಂಜಾಟ ಬಿಟ್ಟು ಆಸ್ಟ್ರೇಲಿಯಾದಲ್ಲಿ ಲಕ್ಷಗಟ್ಟಲೆ ಎಕರೆಯ ಕುರಿ ಫಾರಂ ಕೊಂಡು, ಅಲ್ಲಿ ತಾನೇ ಬುಲ್‌ಡೋಜರ್ ಓಡಿಸಿಕೊಂಡು, ಎಂಜಿನ್ ಬಿಚ್ಚಿ ಜೋಡಿಸಿಕೊಂಡು ಸುಖವಾಗಿದ್ದ. 2023ರ ಜನವರಿಯಲ್ಲಿ ಇಸ್ತಾಂಬುಲಿನಲ್ಲಿ ತೀರಿಕೊಂಡ. ಅಜ್ಜನಿಗೆ ಕಾರುಗಳಿದ್ದವು, ಕಾರಿನ ಪ್ರೀತಿ ಇರಲಿಲ್ಲ. ಮೊಮ್ಮಗನಿಗೆ ಯಂತ್ರದ ಪ್ರೀತಿ ಇತ್ತು, ಆದರೆ ಪಾಲಿಗೆ ಬಂದದ್ದು ತುಕ್ಕು. ಒಬ್ಬ ಬೇಡದ ಹೊತ್ತಿನಲ್ಲಿ ಕೂಡಿಟ್ಟ, ಇನ್ನೊಬ್ಬನಿಗೆ ಬೇಕಾದ ಹೊತ್ತಿನಲ್ಲಿ ಅದು ಕೆಟ್ಟಿತ್ತು. ಯಾವಾಗ ಅನ್ನುವ ಪ್ರಶ್ನೆಯ ತೂಕ ಇಷ್ಟು.

ಹಾಗಾದರೆ ಯಾವಾಗ?

ಈ ಬದುಕಿನಿಂದ ನಾನು ತೆಗೆದ ಲೆಕ್ಕ ಇದು.

ಒಂದು, ಬೆಲೆ. ದುಬಾರಿ ಕಾರಿನ ಬೆಲೆ ಮೊದಲ ಕೆಲವು ವರ್ಷ ಕಲ್ಲು ಬಿದ್ದ ಹಾಗೆ ಬೀಳುತ್ತದೆ, ಆಮೇಲೆ ನಿಧಾನವಾಗುತ್ತದೆ. ಮೊದಲ ಮಾಲೀಕ ಆ ನಷ್ಟ ಹೊತ್ತ ಮೇಲೆ ಕೊಳ್ಳುವುದು ಜಾಣತನ. ಆದರೆ ಇಲ್ಲಿ ಒಂದು ಗುಂಡಿ ಇದೆ. ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಮೂರನೇ ಒಂದು ಭಾಗಕ್ಕೆ ಪೋರ್ಷೆ ಸಿಕ್ಕಿತು ಅಂತ ಬ್ರೇಕು, ಕ್ಲಚ್ಚು, ಗೇರ್‌ಬಾಕ್ಸ್ ಮೂರನೇ ಒಂದು ಭಾಗಕ್ಕೆ ಬರುವುದಿಲ್ಲ. ಅವು ಹೊಸ ಕಾರಿನ ದರದಲ್ಲೇ ಬರುತ್ತವೆ. ಅದಕ್ಕೇ ಕಾರಿಗೆ ಎಷ್ಟು ಕೊಟ್ಟಿರೋ ಅದನ್ನು ಮರೆತು, ಹೊಸದರ ಬೆಲೆ ಎಷ್ಟು ಅಂತ ನೋಡಿ, ಆ ಬೆಲೆಯ ಕಾರನ್ನು ಸಾಕುವ ತಾಕತ್ತು ನಿಮಗಿದೆಯೇ ಅಂತ ಕೇಳಿಕೊಳ್ಳಿ. ಸಾಕಲು ಬೇಕಾದ ರೊಕ್ಕವನ್ನು ಕೊಳ್ಳುವ ದಿನವೇ ಬೇರೆ ತೆಗೆದಿಡಿ. ತೆಗೆದಿಡಲು ಉಳಿಯದಿದ್ದರೆ ಆ ದಿನ ಇನ್ನೂ ಬಂದಿಲ್ಲ ಅಂತ ಅರ್ಥ.

ಎರಡು, ತೆರಿಗೆ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಬೆಲೆಯ ಕಾರಿಗೆ ಜೀವಾವಧಿ ತೆರಿಗೆ ಶೇಕಡ 18. ಹೈದರಾಬಾದಿನಿಂದ ತಂದ ಗಾಡಿಗೆ ವಯಸ್ಸಿನ ಪ್ರಕಾರ ಅದು ಕಡಿಮೆಯಾಗುತ್ತದೆ, ಆದರೆ ಮಾಫಿ ಆಗುವುದಿಲ್ಲ. ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿ ನೋಂದಣಿ ಮಾಡಿಸಲೇಬೇಕು. ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಮಾರಾಟದ ಫಾರಂ 29 ಮತ್ತು 30, ಸಾಲದ ಗಾಡಿಯಾದರೆ ಬ್ಯಾಂಕಿನ ಫಾರಂ 35. ಇವು ಕೈಗೆ ಬರುವ ಮೊದಲು ಪೂರ್ತಿ ರೊಕ್ಕ ಕೊಡಬೇಡಿ. ಗಡಿ ಜಿಲ್ಲೆಯಾದ್ದರಿಂದ ಟಿಎಸ್, ಎಪಿ ನಂಬರಿನ ಗಾಡಿ ಇಲ್ಲಿ ಯಾರ ಕಣ್ಣಿಗೂ ಕುಕ್ಕುವುದಿಲ್ಲ, ವರ್ಷಗಟ್ಟಲೆ ಹಾಗೇ ಓಡಿಸಬಹುದು ಅಂತ ದಲ್ಲಾಳಿ ಹೇಳುತ್ತಾನೆ. ಬೆಂಗಳೂರಿನ ಫೆರಾರಿಯ 1.41 ಕೋಟಿಯನ್ನು ಅವನಿಗೆ ನೆನಪಿಸಿ.

ಮೂರು, ಮೇಸ್ತ್ರಿ. ರಾಯಚೂರಿನಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಕಟ್ಟುವ ಮೇಸ್ತ್ರಿಗಳಿಗೆ ಬರವಿಲ್ಲ. ಇಟಲಿಯ, ಜರ್ಮನಿಯ ಸ್ಪೋರ್ಟ್ಸ್ ಕಾರಿಗೆ ಬೇಕಾದ ಕಂಪ್ಯೂಟರು, ಹತ್ಯಾರ, ತಿಳಿವಳಿಕೆ ಇರುವವರು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಕೆಟ್ಟರೆ ಗಾಡಿ ಲಾರಿ ಮೇಲೆ ಹೋಗಬೇಕು. ಕೊಳ್ಳುವ ಮೊದಲೇ ಅಂಥ ಒಬ್ಬ ಮೇಸ್ತ್ರಿಯನ್ನು ಹುಡುಕಿ, ಅವನಿಗೆ ರೊಕ್ಕ ಕೊಟ್ಟು ಗಾಡಿಯನ್ನು ಎತ್ತಿ ಕೆಳಗಿನಿಂದ ತೋರಿಸಿ. ಮಾರುವವನು ಅದಕ್ಕೆ ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಸಿ.

ನಾಲ್ಕು, ಓಡಿಸುವವರು. ನೆಲದಿಂದ ನಾಲ್ಕು ಬೆರಳು ಮೇಲಿರುವ ಕಾರು ಕ್ಯಾಂಪಿನ ರಸ್ತೆಯ ಹಂಪು ದಾಟುವುದೇ ಕಷ್ಟ, ಇನ್ನು ಮಳೆಗಾಲದ ಕರಿಮಣ್ಣು. ವಾರಕ್ಕೊಮ್ಮೆ ಓಡಿಸಲು ದಾರಿ ಇಲ್ಲದಿದ್ದರೆ ಅದು ಸಿಂಹಾಸನದ ಕಾರಾಗುತ್ತದೆ. ಸ್ವಂತ ಮ್ಯೂಸಿಯಂ ಕಟ್ಟುವಷ್ಟು ದೊಡ್ಡವರು ನಾವಲ್ಲ.

ಐದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ, ನೀರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ತುಂಬಿದ್ದ ಡ್ಯಾಮಿನಿಂದ ದಿನಗಟ್ಟಲೆ ನೀರು ಹೊಳೆಗೆ ಹೋಯಿತು. 70 ವರ್ಷದ ಯಂತ್ರವನ್ನು ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಏನಾಗುತ್ತದೆ ಅಂತ ಎಡದಂಡೆಯ ಮಂದಿ ಅವತ್ತು ನಿದ್ದೆಗೆಟ್ಟು ನೋಡಿದರು. ಕಾಲುವೆಯ ಕೊನೆಯ ಊರಿನವರಾದ ನಮಗೆ ಮೇಲಿನವರು ಬಳಸಿ ಬಿಟ್ಟ ನೀರೇ ಗತಿ. ಒಂದು ವರ್ಷ ಎರಡು ಬೆಳೆ, ಇನ್ನೊಂದು ವರ್ಷ ಒಂದೇ ಬೆಳೆ. ಹೀಗಿರುವಾಗ ಒಂದು ಒಳ್ಳೆ ಸುಗ್ಗಿಯ ರೊಕ್ಕಕ್ಕೆ ಬ್ಯಾಂಕಿನ ಸಾಲ ಸೇರಿಸಿ ಕಾರು ತರುವುದು ಅಂದರೆ, ಮುಂದಿನ ಐದು ವರ್ಷ ಎರಡೂ ಬೆಳೆಗೆ ನೀರು ಬರುತ್ತದೆ ಅಂತ ಬರೆದುಕೊಟ್ಟ ಹಾಗೆ. ಹಾಗೆ ಬರೆದುಕೊಡಲು ನೀರಾವರಿ ಸಲಹಾ ಸಮಿತಿಗೇ ಆಗುವುದಿಲ್ಲ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರೇ ಬ್ಯಾಡ ಅಂತ ನನ್ನ ವಾದ ಅಂತ ತಿಳಿಯಬೇಡಿ. ಹಳ್ಳಿಯ ಹುಡುಗ ಸ್ಪೋರ್ಟ್ಸ್ ಕಾರು ಬಯಸಿದರೆ ಅದನ್ನು ದುರಾಸೆ ಅನ್ನುವವರು, ಬೆಂಗಳೂರಿನ ಹುಡುಗ ಬಯಸಿದರೆ ಸಾಧನೆ ಅನ್ನುತ್ತಾರೆ. ಆ ತಾರತಮ್ಯ ನನಗೆ ಒಪ್ಪಿಗೆ ಇಲ್ಲ. ನಮ್ಮ ಅಜ್ಜಂದಿರು ದೊರೆಯ ಕಾರು ಹೋದರೆ ರಸ್ತೆ ಬಿಟ್ಟು ನಿಲ್ಲುತ್ತಿದ್ದರು. ಅವರ ಮೊಮ್ಮಗ ಅದೇ ರಸ್ತೆಯಲ್ಲಿ ತನ್ನ ದುಡಿಮೆಯ ಕಾರು ಓಡಿಸಿದರೆ ಅದು ಸಣ್ಣ ಮಾತಲ್ಲ. ಅಕ್ಕನ ಎಕರೆಯ ಲೆಕ್ಕವೂ ಸರಿ, ಮಗನ ಆಸೆಯೂ ಸರಿ. ಎರಡರ ನಡುವೆ ಇರುವುದು ಹೊತ್ತಿನ ವ್ಯತ್ಯಾಸ ಮಾತ್ರ.

ಅವನಿಗೆ ನಾನು ಹೇಳುವುದು ಇಷ್ಟೇ. ಈಗ ಕೈಲಿರುವ ರೊಕ್ಕವನ್ನು ಮೊದಲು 27 ಬಸ್ಸಿನ ಕೆಲಸಕ್ಕೆ ಹಚ್ಚು, ಅಂದರೆ ದಿನಾ ಓಡಿ ದಿನಾ ತರುವ ಕೆಲಸಕ್ಕೆ. ಅದು ತಂದ ಲಾಭದಲ್ಲಿ, ಸಾಲವಿಲ್ಲದೆ, ಎರಡನೇ ಬೆಳೆಗೆ ನೀರು ಬಾರದ ವರ್ಷದಲ್ಲೂ ಆ ಕಾರಿಗೆ ಟೈರು ಹಾಕಿಸಬಲ್ಲೆ ಅನ್ನುವ ದಿನ ಬಂದರೆ ಆವತ್ತೇ ಹೋಗಿ ತಗೊಂಡು ಬಾ, ಯಾರನ್ನೂ ಕೇಳಬೇಡ. ಅಲ್ಲಿಯವರೆಗೆ ದುಬಾರಿ ಕಾರು ನೋಡಲೇಬೇಕು ಅನ್ನಿಸಿದರೆ ಹೈದರಾಬಾದಿಗೆ ಬಸ್ಸು ಹತ್ತಿ ಚೌಮಹಲ್ಲಾಕ್ಕೆ ಹೋಗಿ ಬಾ. ಅಲ್ಲಿ ಟಿಕೆಟ್ಟಿಗೆ ಬಿಟ್ಟರೆ ಬೇರೆ ಖರ್ಚಿಲ್ಲ.